ಕಸದ ನೀರು ಮತ್ತು ಕೆರೆಯ ಕೋಡಿ



ಈ ದತ್ತಿ ಉಪನ್ಯಾಸವನ್ನು ಸ್ಥಾಪಿಸಿದ ಹಿರಿಯರು ತಮ್ಮ ಹೆಸರು ವೇದಿಕೆಯ ಮೇಲೆ ಉಚ್ಚರಿತವಾಗಬಾರದೆಂದೂ, ಬೆಂಗಳೂರಿನ ಸಾರಕ್ಕಿಯ ನಿವಾಸಿಗಳ ನಿತ್ಯಜೀವನಕ್ಕೆ ಸಂಬಂಧಪಟ್ಟ ಒಂದು ವಿಷಯವನ್ನು ವರ್ಷಕ್ಕೊಮ್ಮೆ ಯಾರಾದರೂ ಸಾವಧಾನವಾಗಿ ಹೇಳಬೇಕೆಂದೂ ಮಾತ್ರ ಅಪೇಕ್ಷಿಸಿರುವುದರಿಂದ, ಅವರಿಗೆ ಮನಸ್ಸಿನಲ್ಲಿಯೇ ವಂದಿಸಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾನು ಇಂದು ಮಾತನಾಡಬೇಕೆಂದಿರುವುದು ಕಸದ ರಾಶಿಯಿಂದ ಒಸರುವ ದ್ರವವನ್ನು ಕುರಿತು. ಎಂಜಿನಿಯರುಗಳು ಇದನ್ನು ಲೀಚೇಟ್ ಎನ್ನುತ್ತಾರೆ; ಅದನ್ನು ದಿನವೂ ಕೈಯಲ್ಲಿ ಮುಟ್ಟುವ, ಕಾಲಲ್ಲಿ ತುಳಿಯುವ ಪೌರಕಾರ್ಮಿಕರು ಕಸದ ನೀರು ಎನ್ನುತ್ತಾರೆ. ಕಸದ ದುರ್ವಾಸನೆಯನ್ನು ಕುರಿತು, ಅದರಿಂದ ಹುಟ್ಟುವ ಸೊಳ್ಳೆ ನೊಣಗಳನ್ನು ಕುರಿತು, ಬೇಸಗೆಯಲ್ಲಿ ಅದು ಹೊತ್ತಿ ಉರಿಯುವುದನ್ನು ಕುರಿತು ನಮ್ಮ ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಸಾಕಷ್ಟು ಚರ್ಚೆ ನಡೆದಿದೆ. ಅದರ ನೀರನ್ನು ಕುರಿತು ನಡೆದಿರುವ ಚರ್ಚೆ ಅತ್ಯಲ್ಪ. ವಾಸನೆ ನಮ್ಮ ಕಡೆಗೆ ಬೀಸುತ್ತದೆ, ಹೊಗೆ ನಮ್ಮ ಕಿಟಕಿಯೊಳಕ್ಕೆ ಬರುತ್ತದೆ. ನೀರಾದರೋ ನಮ್ಮಿಂದ ಇಳಿಜಾರಿನ ಕಡೆಗೆ ಹೋಗುತ್ತದೆ, ಆ ಇಳಿಜಾರಿನ ತುದಿಯಲ್ಲಿ ಇರತಕ್ಕವರು ಬೇರೆ ಜನ. ಈ ಒಂದು ಸಂಗತಿಯನ್ನು ನಿಮ್ಮ ಮನಸ್ಸಿಗೆ ತಟ್ಟುವಂತೆ ನಿರೂಪಿಸಲು ಸಾಧ್ಯವಾದರೆ ನನ್ನ ಇಂದಿನ ಕೆಲಸ ಮುಗಿದಂತೆಯೇ.

ಇದನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಆಯುಧಪೂಜೆ ಕಳೆದ ಮರುದಿನ ಬೆಳಗ್ಗೆ ಕನಕಪುರ ರಸ್ತೆಯ ಬದಿಯಲ್ಲಿರುವ ನಮ್ಮ ಸಾರಕ್ಕಿ ಮಾರುಕಟ್ಟೆಯ ಹತ್ತಿರ ನಿಂತು ನೋಡಿದರೆ ಸಾಕು. ಮಾರಾಟವಾಗದೆ ಉಳಿದ ಬಾಳೆಕಂದುಗಳು, ಬಾಡಿದ ಸೇವಂತಿಗೆಯ ಗುಡ್ಡೆಗಳು, ಮಾವಿನ ಸೊಪ್ಪು, ಚಕ್ರಗಳ ಮುಂದೆ ಒಡೆದು ಕುಂಕುಮ ಬೆರೆತು ಬಿದ್ದಿರುವ ಬೂದುಗುಂಬಳದ ಹೋಳುಗಳು, ಇವುಗಳ ಜೊತೆಗೆ ಪ್ರತಿದಿನದ ಕೋಸಿನ ಎಲೆ, ಕೊಳೆತ ಟೊಮೇಟೊ, ಹೂಕೋಸಿನ ದಂಟು. ಇವೆಲ್ಲವನ್ನೂ ಪೌರಕಾರ್ಮಿಕರು ಆಟೋ ಟಿಪ್ಪರಿನಿಂದ ಕಂಪ್ಯಾಕ್ಟರ್ ಲಾರಿಯ ಹಿಂಬಾಯಿಗೆ ಸುರಿಯುತ್ತಾರೆ. ಲಾರಿಯೊಳಗಿನ ಕಬ್ಬಿಣದ ಹಲಗೆ ಮೆಲ್ಲನೆ ಇಳಿದು ಕಸವನ್ನು ಒತ್ತುತ್ತದೆ. ಬಾಳೆಕಂದಾಗಲಿ ಬೂದುಗುಂಬಳವಾಗಲಿ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಆಗಿರುವುದರಿಂದ, ಆ ಒತ್ತಡಕ್ಕೆ ರಸ ಹಿಂಡಿಕೊಂಡು ತಳದಲ್ಲಿ ಸೇರುತ್ತದೆ. ಅದಕ್ಕೆಂದೇ ಲಾರಿಯಲ್ಲಿ ಒಂದು ತೊಟ್ಟಿ ಇರಬೇಕು, ಬಾಗಿಲಿನ ಅಂಚಿಗೆ ರಬ್ಬರಿನ ಪಟ್ಟಿ ಇರಬೇಕು. ತೊಟ್ಟಿ ತುಂಬಿ, ಪಟ್ಟಿ ಸವೆದು, ಲಾರಿ ಹಂಪು ಹತ್ತಿ ಇಳಿಯುವಾಗ ಕಡುಗಪ್ಪಾದ, ಜಿಡ್ಡಾದ, ಹುಳಿನಾತದ ಆ ದ್ರವ ರಸ್ತೆಯ ಮೇಲೆ ಉದ್ದಕ್ಕೂ ಗೆರೆಯೆಳೆಯುತ್ತದೆ. ಅದರ ಮೇಲೆ ಸ್ಕೂಟರಿನ ಚಕ್ರ ಜಾರುತ್ತದೆ. ಮಳೆ ಬಂದರೆ ಅದೆಲ್ಲ ಮೋರಿಗೆ, ಮೋರಿಯಿಂದ ರಾಜಕಾಲುವೆಗೆ. ಬರಿಗೈಯಲ್ಲಿ ಈ ಕಸವನ್ನು ಎತ್ತುವ ಹೆಣ್ಣುಮಕ್ಕಳ ಬೆರಳ ಸಂದಿಗಳನ್ನು ನೋಡಿದವರಿಗೆ ಆ ದ್ರವದ ಗುಣವನ್ನು ಪ್ರಯೋಗಶಾಲೆ ತಿಳಿಸಬೇಕಾದ ಅಗತ್ಯವಿಲ್ಲ.

ಇಲ್ಲಿ ಕಂಡದ್ದು ಆರಂಭ ಮಾತ್ರ. ಕಸ ಗುಡ್ಡೆಯಾಗಿ ನೆಲಕ್ಕೆ ಬಿದ್ದಮೇಲೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಮ್ಮ ಮನೆಗಳ ಕಾಫಿ ಫಿಲ್ಟರನ್ನು ನೆನೆದರೆ ಅನುಕೂಲವಾದೀತು. ಮೇಲಿನಿಂದ ಸುರಿದ ನೀರು ಪುಡಿಯ ನಡುವೆ ಇಳಿಯುತ್ತ, ಅದರಲ್ಲಿ ಕರಗತಕ್ಕದ್ದನ್ನೆಲ್ಲ ಕರಗಿಸಿಕೊಂಡು, ಕೆಳಗಿನ ಪಾತ್ರೆಗೆ ಕಪ್ಪಾಗಿ ತೊಟ್ಟಿಕ್ಕುವಂತೆ, ಕಸದ ಗುಡ್ಡೆಯ ಮೇಲೆ ಬಿದ್ದ ಮಳೆ ಅದರ ಪದರಪದರಗಳನ್ನು ಹಾದು, ಕೊಳೆತ ಪದಾರ್ಥಗಳ ಆಮ್ಲಗಳನ್ನೂ ಲವಣಗಳನ್ನೂ, ಬ್ಯಾಟರಿ, ಬಣ್ಣ, ಬಲ್ಬುಗಳಿಂದ ಬಿಡುಗಡೆಯಾದ ಲೋಹಗಳನ್ನೂ ಹೀರಿಕೊಂಡು ತಳಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಒಂದು ಎಕರೆಯ ಮೇಲೆ ಬೀಳುವ ಅಷ್ಟು ಮಳೆಯ ಮೊತ್ತ ಸುಮಾರು 39 ಲಕ್ಷ ಲೀಟರು. ಅದರಲ್ಲಿ ಒಂದು ಭಾಗ ಆವಿಯಾಗಿ ಹೋದರೂ, ಹೊದಿಕೆಯಿಲ್ಲದ ಗುಡ್ಡೆಯೊಳಕ್ಕೆ ಇಳಿಯುವುದು ಸ್ವಲ್ಪವೇನಲ್ಲ. ಮಳೆ ಬಾರದ ತಿಂಗಳುಗಳಲ್ಲಿಯೂ ಇದು ನಿಲ್ಲುವುದಿಲ್ಲ; ನಮ್ಮ ನಗರದ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹಸಿಕಸವೇ ಆಗಿರುವುದರಿಂದ, ಮೇಲಿನ ಭಾರಕ್ಕೆ ಅದು ತನ್ನ ನೀರನ್ನು ತಾನೇ ಬಿಡುತ್ತದೆ.

ಕಾಫಿಯ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಎರಡನೆಯ ಡಿಕಾಕ್ಷನ್ ನೀರಾಗುತ್ತದೆ, ಮೂರನೆಯದಕ್ಕೆ ಸತ್ತ್ವವೇ ಇರುವುದಿಲ್ಲ. ಕಸದ ನೀರು ಹಾಗಲ್ಲ, ಅದು ವಯಸ್ಸಾದಂತೆ ಸ್ವಭಾವವನ್ನು ಬದಲಿಸಿಕೊಳ್ಳುತ್ತದೆಯೇ ಹೊರತು ನಿಸ್ಸತ್ತ್ವವಾಗುವುದಿಲ್ಲ. ಮೊದಲ ಕೆಲವು ವರ್ಷ ಗುಡ್ಡೆಯ ಒಳಗೆ ಗಾಳಿಯಿಲ್ಲದೆ ಕೊಳೆಯುವ ಪದಾರ್ಥವು ತೀಕ್ಷ್ಣವಾದ ಆಮ್ಲಗಳನ್ನು ಉತ್ಪಾದಿಸುತ್ತದೆ. ಆಗಿನ ದ್ರವದಲ್ಲಿ ಜೀವಾಣುಗಳು ಜೀರ್ಣಿಸಿಕೊಳ್ಳಬಲ್ಲ ಕಲ್ಮಷ, ಎಂಜಿನಿಯರುಗಳು ಬಿ.ಓ.ಡಿ. ಎಂದು ಅಳೆಯುವುದು, ಲೀಟರಿಗೆ 10,000 ಮಿಲಿಗ್ರಾಂ ಮೀರುವುದು ಅಪರೂಪವಲ್ಲ. ಮನೆಗಳ ಒಳಚರಂಡಿಯ ನೀರಿನಲ್ಲಿ ಇದು ಸಾಮಾನ್ಯವಾಗಿ ಕೆಲವು ನೂರುಗಳನ್ನು ದಾಟುವುದಿಲ್ಲವೆಂಬುದನ್ನು ಜ್ಞಾಪಿಸಿಕೊಂಡರೆ ಈ ಸಂಖ್ಯೆಯ ಅರ್ಥ ತಿಳಿದೀತು. ತರುವಾಯ ಬೇರೆ ಜಾತಿಯ ಸೂಕ್ಷ್ಮಜೀವಿಗಳು ತಲೆಯೆತ್ತಿ ಆ ಆಮ್ಲಗಳನ್ನು ಮೀಥೇನ್ ಅನಿಲವನ್ನಾಗಿ ಮಾರ್ಪಡಿಸುತ್ತವೆ. ಹುಳಿನಾತ ಕಡಮೆಯಾಗುತ್ತದೆ, ನೋಡುವವರಿಗೆ ದ್ರವವು ಶಾಂತವಾದಂತೆ ತೋರುತ್ತದೆ. ಆದರೆ ಜೀವಾಣುಗಳೂ ಮುಟ್ಟದ ಮೊಂಡು ಪದಾರ್ಥಗಳು ಉಳಿಯುತ್ತವೆ, ಅಮೋನಿಯಾ ದಶಕಗಳವರೆಗೆ ಉಳಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮಾವಳ್ಳಿಪುರದ ಕಸದ ರಾಶಿಯಿಂದ ಹರಿಯುವ ದ್ರವವನ್ನು ಪರೀಕ್ಷಿಸಿದಾಗ, ಅದರ ಬಿ.ಓ.ಡಿ. ಲೀಟರಿಗೆ ಸುಮಾರು 1,500 ಮಿಲಿಗ್ರಾಮಿಗೆ ಇಳಿದಿದ್ದರೂ, ರಾಸಾಯನಿಕವಾಗಿ ಅಳೆದ ಒಟ್ಟು ಕಲ್ಮಷ, ಅಂದರೆ ಸಿ.ಓ.ಡಿ., 10,000 ಮಿಲಿಗ್ರಾಮಿಗೂ ಮಿಗಿಲಾಗಿಯೇ ಇತ್ತು. ಇಂಥ ದ್ರವವನ್ನು ಹಳ್ಳಕೊಳ್ಳಗಳಿಗೆ ಬಿಡಬೇಕಾದರೆ ಮೊದಲನೆಯದು 30ಕ್ಕೂ ಎರಡನೆಯದು 250ಕ್ಕೂ ಇಳಿದಿರಬೇಕೆಂಬುದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ವಿಧಿ.

ಈ ದ್ರವವು ಭೂಮಿಯೊಳಗೆ ಹೋಗುವ ದಾರಿ ಇನ್ನೂ ಗಹನವಾದುದು. ನಮ್ಮ ಬೆಂಗಳೂರು ನಿಂತಿರುವುದು ಪುರಾತನವಾದ ನೈಸ್ ಶಿಲೆಯ ಮೇಲೆ; ಮೇಲೆ ಕೆಮ್ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲು, ಅದಕ್ಕೂ ಕೆಳಗೆ ಬಿರುಕುಗಳಿಂದ ಕೂಡಿದ ಗಟ್ಟಿಬಂಡೆ. ಮರಳುನೆಲದಲ್ಲಿ ಅಂತರ್ಜಲ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುವಂತೆ ಇಲ್ಲಿ ಹರಡುವುದಿಲ್ಲ. ಬಿರುಕು ಎತ್ತ ಕೊಂಡೊಯ್ಯುತ್ತದೆಯೋ ಅತ್ತ ಹೋಗುತ್ತದೆ. ಆದುದರಿಂದ ಕಸದ ಗುಡ್ಡೆಯ ಪಕ್ಕದ ಬಾವಿ ಕೆಡದೆ, ಅರ್ಧ ಮೈಲಿಯಾಚೆಯ ಕೊಳವೆಬಾವಿ ಕೆಡಬಹುದು. ಒಂದು ಬಾವಿಯನ್ನು ಪರೀಕ್ಷಿಸಿ ಊರಿಗೇ ಅಭಯ ಕೊಡುವುದು ಈ ನೆಲದಲ್ಲಿ ಅವಿವೇಕ. ಅಮೋನಿಯಾ ಮಣ್ಣಿನಲ್ಲಿ ಗಾಳಿಯ ಸಂಪರ್ಕ ಪಡೆದು ನೈಟ್ರೇಟ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಮಿಗಿಂತ ಹೆಚ್ಚು ಇರಬಾರದೆಂದು ನಮ್ಮ ದೇಶದ ಮಾನಕ ವಿಧಿಸಿರುವುದು ಮುಖ್ಯವಾಗಿ ಹಸುಗೂಸುಗಳ ಸಲುವಾಗಿ. ಅವುಗಳ ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಅದು ಕುಂದಿಸುತ್ತದೆ.

ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟದ ಸಮೀಪ, ಅರ್ಕಾವತಿಯ ಜಲಾನಯನ ಪ್ರದೇಶದಲ್ಲಿ ಇರುವ ಮಾವಳ್ಳಿಪುರದ ಹೆಸರನ್ನು ಆಗಲೇ ಹೇಳಿದೆನಷ್ಟೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರಿಗೆ ಮೊತ್ತಮೊದಲು ಕೊಳಾಯಿ ನೀರು ಬಂದದ್ದು ಹೆಸರಘಟ್ಟದಿಂದ. ಕುಡಿಯಲು ನೀರು ಕೊಟ್ಟ ಆ ಸೀಮೆಗೆ ನಗರವು ನೂರು ವರ್ಷಗಳ ತರುವಾಯ ಕಳುಹಿಸಿದ್ದು ತನ್ನ ಕಸವನ್ನು. ಬಾವಿ ಕುಂಟೆಗಳ ನೀರು ಕೆಟ್ಟು, ದನಕರುಗಳಿಗೂ ಅದು ಬೇಡವಾಗಿ, ಗ್ರಾಮಸ್ಥರು ವರ್ಷಗಟ್ಟಲೆ ಅಹವಾಲು ಹೇಳಿಕೊಂಡ ಮೇಲೆ, 2012ರ ಜುಲೈಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಲಿಯ ಆಜ್ಞೆಯಿಂದ ಆ ಸ್ಥಳ ಮುಚ್ಚಿತು. ಕೂಡಲೇ ನಗರದ ಬೀದಿಗಳಲ್ಲಿ ಕಸ ಕೊಳೆಯಿತು. ಆ ವರ್ಷದ ಆಗಸ್ಟಿನ ದುರವಸ್ಥೆಯನ್ನು ಜಯನಗರ, ಜೆ.ಪಿ. ನಗರಗಳ ಹಿರಿಯರು ಮರೆತಿರಲಾರರು. ಆ ಹೊರೆ ಪೂರ್ವದ ಮಂಡೂರಿನ ಮೇಲೆ ಬಿತ್ತು. ಅಲ್ಲಿಯ ಜನರೂ ಲಾರಿಗಳನ್ನು ತಡೆದು ನಿಂತುದರಿಂದ, 2014ರ ಕೊನೆಗೆ ಅದನ್ನೂ ನಿಲ್ಲಿಸಬೇಕಾಯಿತು. ಅನಂತರ ಬೆಳ್ಳಹಳ್ಳಿಯ ಕಲ್ಲುಕ್ವಾರಿ. ಅದು ತುಂಬಿದ ಮೇಲೆ 2020ರಿಂದ ಮಿಟ್ಟಗಾನಹಳ್ಳಿಯ ಕ್ವಾರಿ. ಕಲ್ಲು ಒಡೆದು ತೆಗೆದ ಗುಂಡಿಯ ಗೋಡೆಗಳಲ್ಲಿ ಸಿಡಿಮದ್ದಿನಿಂದ ಹೊಸ ಬಿರುಕುಗಳು ಮೂಡಿರುತ್ತವೆ. ಅಂಥ ಗುಂಡಿ ಕಸ ತುಂಬಲು ಆಗಲೇ ಸಿದ್ಧವಾದ ಪಾತ್ರೆಯೆಂದು ಭಾವಿಸುವುದು ಭೂಶಾಸ್ತ್ರದ ವಿಷಯದಲ್ಲಿ ಮಾಡುವ ದೊಡ್ಡ ಸಾಹಸ. ಮಿಟ್ಟಗಾನಹಳ್ಳಿಯ ನೆರೆಯ ಕಣ್ಣೂರಿನ ಕೆರೆಯ ನೀರನ್ನು ಕುರಿತು ಅಲ್ಲಿಯ ಜನ ಈಗ ಹೇಳುತ್ತಿರುವ ಮಾತುಗಳು, ಮಾವಳ್ಳಿಪುರದವರು ಅಂದು ಹೇಳಿದ ಮಾತುಗಳೇ. ಊರಿನ ಹೆಸರು ಮಾತ್ರ ಬೇರೆ.

ನಾಲ್ಕು ಊರುಗಳ ಈ ಚರಿತ್ರೆಯಲ್ಲಿ ನನಗೆ ಅತ್ಯಂತ ವ್ಯಸನವನ್ನು ಉಂಟುಮಾಡುವ ಅಂಶ, ಕೆರೆ ಕಟ್ಟಿದ ನಾಡಿನ ಜನರಾದ ನಾವು ಇದನ್ನು ಮಾಡಿದೆವೆಂಬುದು. ಸಾರಕ್ಕಿಯ ಕೆರೆಯನ್ನು ಕಟ್ಟಿದವರು ಅದನ್ನು ಏಕಾಂಗಿಯಾಗಿ ಕಟ್ಟಲಿಲ್ಲ. ಸಾರಕ್ಕಿ, ಪುಟ್ಟೇನಹಳ್ಳಿ, ಅರೆಕೆರೆ, ಹುಳಿಮಾವು, ಮಡಿವಾಳ ಇವೆಲ್ಲ ಒಂದೇ ಕಣಿವೆಯ ಬಂಧುಗಳು. ಇಲ್ಲಿಯ ನೀರು ಅಗರ, ಬೆಳ್ಳಂದೂರು, ವರ್ತೂರುಗಳ ಮುಖಾಂತರ ದಕ್ಷಿಣ ಪಿನಾಕಿನಿಯನ್ನು ಸೇರತಕ್ಕದ್ದು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಯ ಆದಾಯ. ಕೋಡಿಯ ಎತ್ತರವನ್ನು ಒಂದು ಗೇಣು ಹೆಚ್ಚಿಸಿದರೂ ಕೆಳಗಿನ ಊರಿನವರು ಬಂದು ಕೇಳುತ್ತಿದ್ದರು, ಕೇಳುವ ಹಕ್ಕು ಅವರಿಗಿತ್ತು. ತನ್ನಿಂದ ಹೊರಹೋದ ನೀರು ಇನ್ನೊಬ್ಬರ ಮನೆಯ ನೀರಾಗುತ್ತದೆ ಎಂಬ ತಿಳಿವಳಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು. 82 ಎಕರೆಗೂ ಮಿಕ್ಕ ವಿಸ್ತಾರವುಳ್ಳ ಸಾರಕ್ಕಿ ಕೆರೆಯಲ್ಲಿ 30 ಎಕರೆಗೂ ಹೆಚ್ಚು ಒತ್ತುವರಿಯಾಗಿ, 2015ರ ಏಪ್ರಿಲಿನಲ್ಲಿ ಜಿಲ್ಲಾಡಳಿತವು ಅದನ್ನು ತೆರವುಗೊಳಿಸಿದಾಗ ನಾವೆಲ್ಲರೂ ಸಂತೋಷಪಟ್ಟೆವು, ಕೆರೆಯ ಗಡಿ ಮರಳಿ ಸಿಕ್ಕಿತೆಂದು ಹೇಳಿಕೊಂಡೆವು. ಆದರೆ ಗಡಿಯ ಬೇಲಿಯಿಂದ ರಕ್ಷಿತವಾಗುವುದು ಕೆರೆಯ ಅಂಗಳ ಮಾತ್ರ. ಕೆರೆಗೆ ಬರುವ ನೀರನ್ನು ಬೇಲಿ ಶೋಧಿಸುವುದಿಲ್ಲ. ನಮ್ಮ ಮೋರಿಗಳ ಮುಖಾಂತರ ಇಳಿದ ಕಸದ ನೀರೂ ಕೊಳಚೆಯೂ ಸೇರಿ ಕೆಳಗೆ ಬೆಳ್ಳಂದೂರಿನಲ್ಲಿ ನೊರೆಯಾಗಿ ಉಕ್ಕಿದುದನ್ನೂ, 2017ರ ಫೆಬ್ರವರಿಯಲ್ಲಿ ಆ ಕೆರೆ ಹೊಗೆಯಾಡಿದುದನ್ನೂ ಲೋಕವೆಲ್ಲ ಕಂಡಿತು.

ಬೆಂಗಳೂರಿಗೆ ಈ ವಿಷಯದಲ್ಲಿ ವಿದ್ಯೆಯ ಕೊರತೆ ಇರಲಿಲ್ಲವೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆನಿಸುತ್ತದೆ. ಕೊಳಚೆನೀರನ್ನು ಜೀವಾಣುಗಳಿಂದಲೇ ಶುದ್ಧಿಗೊಳಿಸುವ ವಿಧಾನವು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪ್ರಕಟವಾಯಿತು. ಅದರ ಹಿಂದೆ ಪ್ರೇರಕರಾಗಿದ್ದ ಗಿಲ್ಬರ್ಟ್ ಫೌಲರ್ ಅವರು ಕೆಲವೇ ವರ್ಷಗಳಲ್ಲಿ ನಮ್ಮ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದು, ಈ ದೇಶದ ತ್ಯಾಜ್ಯವನ್ನು ಈ ದೇಶದ ಹೊಲಗಳಿಗೆ ಸಲ್ಲಿಸುವ ಬಗೆಯನ್ನು ಆಲೋಚಿಸಿದರು. ಅದೇ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಗೊಬ್ಬರದ ವಿಧಾನಕ್ಕೆ ಇಂದಿಗೂ ಬೆಂಗಳೂರು ವಿಧಾನವೆಂದೇ ಹೆಸರು. ಲೋಕದ ಕೃಷಿಗ್ರಂಥಗಳಲ್ಲಿ ನಮ್ಮ ಊರು ಆ ಹೆಸರಿನಿಂದ ಪ್ರಸಿದ್ಧವಾಗಿದೆ. ಆಳವಲ್ಲದ ಕಾಲುವೆಗಳನ್ನು ತೋಡಿ, ಊರಿನ ಕಸವನ್ನೂ ಮಲವನ್ನೂ ಪದರಪದರವಾಗಿ ಹರಡಿ, ಮೇಲೆ ಮಣ್ಣು ಮುಚ್ಚಿ, ಕೆಲವು ತಿಂಗಳು ಕದಲಿಸದೆ ಬಿಡುವುದು ಅದರ ಕ್ರಮ. ಅಲ್ಲಿ ತೇವವು ಪದಾರ್ಥದೊಳಗೇ ನಿಂತು ಗೊಬ್ಬರಕ್ಕೆ ಉಪಯೋಗವಾಗುತ್ತಿತ್ತು; ಕಾಲುವೆಯ ಪ್ರಮಾಣ ಚಿಕ್ಕದು, ಕಸದಲ್ಲಿ ಪ್ಲಾಸ್ಟಿಕ್ಕೂ ಬ್ಯಾಟರಿಯೂ ಇರಲಿಲ್ಲ, ಸಿದ್ಧವಾದ ಗೊಬ್ಬರವನ್ನು ಕೊಳ್ಳುವ ರೈತರು ಗಾಡಿಯ ದೂರದಲ್ಲಿಯೇ ಇದ್ದರು. ಈ ಮೂರು ಸಂಗತಿಗಳು ತಪ್ಪಿದ ಮೇಲೆ ವಿದ್ಯೆ ಒಂದೇ ಉಳಿದು ಪ್ರಯೋಜನವಾಗಲಿಲ್ಲ. ನಮ್ಮ ದಕ್ಷಿಣ ಭಾಗದಲ್ಲಿಯೇ, ಕೂಡ್ಲು ಹರಳುಕುಂಟೆಗಳ ಬಳಿ, 1975ರಲ್ಲಿ ಸ್ಥಾಪಿತವಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮದ ಘಟಕವನ್ನು ನೋಡಿ: ಉದ್ದೇಶ ಉದಾತ್ತವಾದುದು, ಅಂದು ಸುತ್ತಲೂ ಹೊಲಗಳಿದ್ದವು. ತರುವಾಯ ಬಡಾವಣೆಗಳು ಬಂದು ಸುತ್ತುಗಟ್ಟಿದವು, ಬೆರಕೆ ಕಸವು ಅಳತೆಮೀರಿ ಬಂದಿತು, ಪಕ್ಕದ ಸೋಮಸುಂದರಪಾಳ್ಯದ ಕೆರೆಗೆ ಅದರ ದ್ರವ ಇಳಿಯುತ್ತಿದೆಯೆಂಬ ದೂರು ಎದ್ದಿತು. ಗೊಬ್ಬರ ಮಾಡುವುದು ತಪ್ಪಾಗಿರಲಿಲ್ಲ, ಬೆರಕೆ ಕಸದಿಂದ ಮಾಡಹೊರಟದ್ದು ತಪ್ಪಾಯಿತು.

ಒಳ್ಳೆಯ ಗುಂಡಿಯನ್ನು ಕಟ್ಟಿದರೆ ಸಾಲದೆ ಎಂದು ಕೇಳುವವರುಂಟು. ಆ ಪ್ರಶ್ನೆಗೆ ಗೌರವದಿಂದ ಉತ್ತರ ಹೇಳಬೇಕು. 2016ರ ಆ ನಿಯಮಗಳ ಪ್ರಕಾರ ಭೂಭರ್ತಿ ಸ್ಥಳದ ತಳದಲ್ಲಿ 90 ಸೆಂಟಿಮೀಟರು ದಪ್ಪದ ಜೇಡಿಯ ಪದರವೂ, ಅದರ ಮೇಲೆ 1.5 ಮಿಲಿಮೀಟರಿನ ಪ್ಲಾಸ್ಟಿಕ್ ಹಾಳೆಯೂ ಇರಬೇಕು. ಆ ಜೇಡಿಯ ಮೂಲಕ ವರ್ಷವೊಂದಕ್ಕೆ ಸುಮಾರು ಮೂರು ಸೆಂಟಿಮೀಟರಿನಷ್ಟು ನೀರಿಗಿಂತ ಹೆಚ್ಚು ಇಳಿಯದಷ್ಟು ಅದು ಬಿಗಿಯಾಗಿರಬೇಕು. ಅಂತರ್ಜಲದ ಮಟ್ಟ ತಳದಿಂದ ಎರಡು ಮೀಟರು ಕೆಳಗಿರಬೇಕು. ದ್ರವವನ್ನು ಕೊಳವೆಗಳಿಂದ ಸಂಗ್ರಹಿಸಿ ಶುದ್ಧಿಗೊಳಿಸಬೇಕು. ಮುಚ್ಚಿದ ಮೇಲೆಯೂ ಕನಿಷ್ಠ 15 ವರ್ಷ ಕಾಯಬೇಕು. ಇವೆಲ್ಲ ವಿವೇಕದ ವಿಧಿಗಳು, ಇವನ್ನು ಪಾಲಿಸಲೇಬೇಕು. ಆದರೆ ಇವುಗಳ ಸ್ವರೂಪವೇನೆಂದರೆ, ಒಮ್ಮೆ ಹುಟ್ಟಿದ ದ್ರವವನ್ನು ತಲೆಮಾರುಗಳ ಕಾಲ ಕಾವಲು ಕಾಯುವುದು. ನ್ಯೂಯಾರ್ಕ್ ನಗರದ ಫ್ರೆಶ್ ಕಿಲ್ಸ್ ಎಂಬ ಮಹಾರಾಶಿ 1948ರಲ್ಲಿ ಆರಂಭವಾಗಿ 2001ರಲ್ಲಿ ಮುಚ್ಚಿತು. ಅಷ್ಟು ಧನವಂತವಾದ ನಗರವೂ ಮುಚ್ಚಿದ ಆ ಗುಡ್ಡದಿಂದ ಒಸರುವ ದ್ರವವನ್ನು ಹಿಡಿದು ಶುದ್ಧಿಗೊಳಿಸುವ ಕೆಲಸದಿಂದ ಬಿಡುಗಡೆ ಹೊಂದಿಲ್ಲ. ಕೆಲವೇ ವರ್ಷಗಳಿಗೊಮ್ಮೆ ಗುಂಡಿಯ ಊರನ್ನೇ ಬದಲಾಯಿಸುವ ನಮಗೆ ಅಷ್ಟು ದೀರ್ಘವಾದ ಕಾವಲಿನ ಶಿಸ್ತು ಸುಲಭವಾಗಿ ಬರುವುದಿಲ್ಲ. ಹೀಗಾಗಿ ದ್ರವವು ಹುಟ್ಟದಂತೆ ಮಾಡುವುದೇ ನಮ್ಮ ಪಾಲಿನ ಮುಖ್ಯವಾದ ಕರ್ತವ್ಯ. ಹುಟ್ಟುವುದು ಎಲ್ಲೆಂದರೆ, ಹಸಿಯೂ ಒಣವೂ ಅಪಾಯಕಾರಿಯೂ ಒಂದೇ ಬುಟ್ಟಿಯಲ್ಲಿ ಬೆರೆಯುವ ನಮ್ಮ ಅಡುಗೆಮನೆಯ ಮೂಲೆಯಲ್ಲಿ.

ಕಸದ ಮೊಕದ್ದಮೆಗಳ ವಿಚಾರಣೆಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2015ರ ಡಿಸೆಂಬರಿನಲ್ಲಿ ಹಸಿಕಸಕ್ಕೆ ಹಸಿರು ಬುಟ್ಟಿ, ತಿರಸ್ಕೃತ ಕಸಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ ಎಂಬ ಕ್ರಮವನ್ನು ಬೆಂಗಳೂರಿನ ಮನೆಮನೆಗೂ ವಿಧಿಸಿತು. ಹೀಗೆ ಬೇರ್ಪಟ್ಟ ಹಸಿಕಸದಿಂದಲೂ ನೀರು ಒಸರುತ್ತದೆ. ಆದರೆ ಅದರಲ್ಲಿ ಸೀಸವಿಲ್ಲ, ಪಾದರಸವಿಲ್ಲ, ಅದನ್ನು ಒಣ ಎಲೆಯ ಪದರವೊಂದು ಹೀರಿಕೊಳ್ಳಬಲ್ಲದು. ಅದೇ ಕಸ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಸಿಕೊಂಡು ಕ್ವಾರಿಯ ತಳವನ್ನು ಸೇರಿದರೆ ಗಾಳಿಯಿಲ್ಲದೆ ಹುಳಿತು ವಿಷವಾಗುತ್ತದೆ. ನಮ್ಮ ಬಡಾವಣೆಗಳ ಅನೇಕ ಗೃಹಿಣಿಯರು ಮಾಳಿಗೆಯ ಮೇಲೆ ಮಡಕೆಯಲ್ಲಿ ಗೊಬ್ಬರ ಮಾಡಿ ತುಳಸಿಗೂ ದಾಸವಾಳಕ್ಕೂ ಹಾಕುತ್ತಿರುವುದನ್ನು ನಾನು ಬಲ್ಲೆ. ಅವರಲ್ಲಿ ನನಗೆ ಅಪಾರವಾದ ಗೌರವವಿದೆ. ಆದರೆ ಈ ಭಾರವನ್ನೆಲ್ಲ ಗೃಹಿಣಿಯ ತಲೆಯ ಮೇಲೆ ಹೊರಿಸಿ ಮಾರುಕಟ್ಟೆಯನ್ನೂ ಕಲ್ಯಾಣಮಂಟಪವನ್ನೂ ಹೋಟೆಲನ್ನೂ ಬಿಟ್ಟುಬಿಡುವುದು ನ್ಯಾಯವಲ್ಲ. ಸಾರಕ್ಕಿ ಮಾರುಕಟ್ಟೆಯ ಸೊಪ್ಪು ತರಕಾರಿಯ ಕಸ ಸ್ವಭಾವತಃ ಶುದ್ಧವಾದ ಹಸಿಕಸ. ಹೂವಿನ ಹಾರದ ದಾರವನ್ನೂ ಪ್ಲಾಸ್ಟಿಕ್ ಹಾಳೆಯನ್ನೂ ಅಂಗಡಿಯಲ್ಲಿಯೇ ಬೇರೆಮಾಡಿ, ಬಾಳೆಕಂದನ್ನು ಕೊಚ್ಚಿ, ಬೂದುಗುಂಬಳವನ್ನು ಒಣ ಎಲೆಯೊಡನೆ ಬೆರೆಸಿದರೆ, ಅದು ಕನಕಪುರದ ದಿಕ್ಕಿನ ತೋಟಗಳಿಗೆ, ಎಂದರೆ ಅದರಲ್ಲಿ ಬಹುಭಾಗ ಬೆಳೆದು ಬಂದ ದಿಕ್ಕಿಗೇ, ಗೊಬ್ಬರವಾಗಿ ಮರಳಬಹುದು. ಊರನ್ನು ಅಡ್ಡಲಾಗಿ ದಾಟಿ, ದಾರಿಯುದ್ದಕ್ಕೂ ಸೋರುತ್ತ, ಈಶಾನ್ಯದ ಮಿಟ್ಟಗಾನಹಳ್ಳಿಗೆ ಹೋಗಬೇಕಾದ ಕಾರಣವೇ ಅದಕ್ಕಿಲ್ಲ.

ಇನ್ನು ಒಂದು ಬೇಡಿಕೆಯನ್ನು ಈ ಸಭೆಯ ಮುಂದಿಡುತ್ತೇನೆ. ಮಾವಳ್ಳಿಪುರ, ಮಂಡೂರು, ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ, ಕಣ್ಣೂರುಗಳ ಬಾವಿ, ಕೊಳವೆಬಾವಿ, ಕೆರೆಗಳ ನೀರನ್ನು ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿ, ನೈಟ್ರೇಟ್ ಎಷ್ಟು, ಅಮೋನಿಯಾ ಎಷ್ಟು, ಸೀಸ ಎಷ್ಟು ಎಂಬುದನ್ನು ಕನ್ನಡದಲ್ಲಿ ಬರೆದು, ಆ ಊರುಗಳ ಪಂಚಾಯಿತಿ ಕಚೇರಿಗಳಲ್ಲಿ ಮಾತ್ರವಲ್ಲ, ಸಾರಕ್ಕಿಯ ವಾರ್ಡ್ ಕಚೇರಿಯ ಗೋಡೆಯ ಮೇಲೆಯೂ ಹಚ್ಚಬೇಕೆಂದು ನಗರಾಡಳಿತವನ್ನು ನಾವು ಲಿಖಿತವಾಗಿ ಕೇಳಬೇಕು. ಪರೀಕ್ಷೆಯ ವೆಚ್ಚ ದೊಡ್ಡದಾದೀತೆಂಬ ಆಕ್ಷೇಪಕ್ಕೆ ಉತ್ತರವಾಗಿ, ಕಸದ ಶುಲ್ಕವೆಂದು ನಾವು ಕೊಡುವ ಹಣದಲ್ಲಿಯೇ ಅದನ್ನು ಸೇರಿಸಲು ನಮ್ಮ ಒಪ್ಪಿಗೆಯನ್ನೂ ಅದೇ ಕಾಗದದಲ್ಲಿ ಬರೆದುಕೊಡಬೇಕು. ಬಾವಿಯ ನೀರು ಕೆಟ್ಟಿರುವ ಮನೆಗಳಿಗೆ ಟ್ಯಾಂಕರಿನ ಬದಲು ಕೊಳಾಯಿಯ ನೀರು ತಲುಪುವವರೆಗೆ ಗೋಡೆಗೆ ಹಚ್ಚುವ ಆ ಪಟ್ಟಿಯ ಕೊನೆಯ ಅಂಕಣದಲ್ಲಿ ಅಂಥ ಮನೆಗಳ ಸಂಖ್ಯೆಯೂ ಇರಬೇಕು. ಅರ್ಜಿಯ ಕರಡನ್ನು ಸಿದ್ಧಪಡಿಸಿ ತಂದಿದ್ದೇನೆ. ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲೆ ಇರುತ್ತದೆ, ಓದಿ, ತಿದ್ದಬೇಕಾದುದನ್ನು ತಿದ್ದಿ, ಒಪ್ಪಿದವರು ರುಜು ಹಾಕಬೇಕೆಂದು ಪ್ರಾರ್ಥಿಸುತ್ತೇನೆ.